ಕ್ಯೋಟೊದಲ್ಲಿ ಕೊಂಡ ಚಿಪ್ಪಿನ ಪೆಟ್ಟಿಗೆ: ಮಾಲಿಗೆ ನಾಲ್ಕೂವರೆ, ಅಂಗಡಿಗೆ ಎರಡು

ಐದು ಸ್ಟಾರ್‌ನಲ್ಲಿ ಪೆಟ್ಟಿಗೆಗೆ ನಾಲ್ಕೂವರೆ ಕೊಡುತ್ತೇನೆ, ಅಂಗಡಿಗೆ ಎರಡು. ಅಂಗಡಿಯ ಹೆಸರು ಮಾತ್ರ ಹೇಳುವುದಿಲ್ಲ. ನನ್ನ ತಕರಾರನ್ನು ಅವರ ಎದುರಿಗೇ ಹೇಳಿ ಮುಗಿಸಿದ್ದೇನೆ. ಕ್ಯೋಟೊದ ಗಿಯೊನ್ ಹತ್ತಿರ ಶಿನ್‌ಮೊನ್‌ಜೆನ್ ಅಂತ ಒಂದು ಬೀದಿ ಇದೆ. ಹಳೆಯ ಮರದ ಮನೆಗಳು, ಅವುಗಳಲ್ಲಿ ಸಾಲಾಗಿ ಹಳೆ ಸಾಮಾನಿನ ಅಂಗಡಿಗಳು. ಅವುಗಳಲ್ಲೊಂದು ಅಂದುಕೊಳ್ಳಿ.

ನಾನು ಕೊಂಡದ್ದು ಕೈಗವಸು ಇಡುವ ಪೆಟ್ಟಿಗೆ. ಉದ್ದ 30 ಸೆಂಟಿಮೀಟರ್, ಅಗಲ 11, ಎತ್ತರ 8. ಕಪ್ಪು ಮೆರುಗಿನ ಮೇಲೆ ಸಮುದ್ರದ ಚಿಪ್ಪಿನ ಚಿತ್ತಾರ. ಈ ಕೆಲಸಕ್ಕೆ ಜಪಾನಿನಲ್ಲಿ ರಾದೆನ್ ಅನ್ನುತ್ತಾರೆ. ‘ರಾ’ ಅಂದರೆ ಸುರುಳಿ ಚಿಪ್ಪು, ‘ದೆನ್’ ಅಂದರೆ ಕೂರಿಸಿದ ಅಲಂಕಾರ. 19ನೇ ಶತಮಾನದ ನಡುವಿನದು, ನಾಗಾಸಾಕಿಯ ಕೆಲಸ ಅಂತ ಚೀಟಿ ಅಂಟಿಸಿದ್ದರು. 52,000 ಯೆನ್ ಅಂದರು, 46,000ಕ್ಕೆ ಬಿಟ್ಟರು. ನಮ್ಮ ರೂಪಾಯಿಯಲ್ಲಿ 27 ಸಾವಿರದ ಹತ್ತಿರ ಆಯಿತು.

“ಗ್ಲೌಸ್ ಇಡೋಕೆ ಅಂತ ಒಂದು ಪೆಟ್ಟಿಗೆನಾ?” ಅಂತ ಅಮ್ಮ ಫೋನಿನಲ್ಲಿ ನಕ್ಕರು. ಆಗಿನ ಯುರೋಪಿನ ಶ್ರೀಮಂತ ಹೆಂಗಸರು ಕೈಗವಸು ಹಾಕುತ್ತಿದ್ದರು. ಅದನ್ನು ಸುಕ್ಕಾಗದಂತೆ ಉದ್ದಕ್ಕೆ ಮಲಗಿಸಿ ಇಡಬೇಕಿತ್ತು. ನಮ್ಮಲ್ಲಿ ರೇಷ್ಮೆ ಸೀರೆಗೆ ಪಂಚೆ ಸುತ್ತಿ ಇಡುವುದಿಲ್ಲವೇ, ಹಾಗೆ.

ಇಂಥ ವಸ್ತುವಿನ ಬಗ್ಗೆ ಮಾತಾಡಲು ನನ್ನದೇನು ಯೋಗ್ಯತೆ ಅಂತ ನೀವು ಕೇಳಬಹುದು. ನನ್ನದೇನಿಲ್ಲ, ಎಲ್ಲ ನನ್ನಪ್ಪನದು. ಅಪ್ಪ ಮೈಸೂರಿನಲ್ಲಿ 41 ವರ್ಷ ಇನ್‌ಲೇ ಕೆಲಸ ಮಾಡಿದವರು. ಬೀಟೆ ಮರದ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರ ಕೂರಿಸಿ ಆನೆ, ಅಂಬಾರಿ, ತೆಂಗಿನ ಮರ, ಎತ್ತಿನ ಗಾಡಿ ಮಾಡುವ ಕೆಲಸ. ನಮ್ಮ ಮನೆಯಲ್ಲಿ ಮರದ ಪುಡಿ ಬೀಳದ ಜಾಗವೇ ಇರಲಿಲ್ಲ. ಕಾಫಿ ಲೋಟಕ್ಕೆ ಮುಚ್ಚಳ ಮುಚ್ಚದೆ ಇಟ್ಟರೆ ಕೆನೆಯ ಮೇಲೆ ಕೆಂಪಗೆ ಒಂದು ಪದರ. ಚಿಕ್ಕವಳಿದ್ದಾಗ ಅರಮನೆಗೆ ಕರೆದುಕೊಂಡು ಹೋದರೆ ಸಿಂಹಾಸನ ತೋರಿಸುತ್ತಿರಲಿಲ್ಲ. ಅಂಬಾವಿಲಾಸದ ಬೀಟೆ ಮರದ ಬಾಗಿಲಿನ ಎದುರು ನಿಲ್ಲಿಸಿ, “ಈ ದಂತ ನೋಡು, ಮರಕ್ಕೂ ದಂತಕ್ಕೂ ನಡುವೆ ಗೆರೆ ಕಾಣುತ್ತಾ?” ಅಂತ ಕೇಳುತ್ತಿದ್ದರು. ಕಾವಲಿನವರು ಕದಲಿಸುವ ತನಕ ಅಲ್ಲೇ.

ಆರು ವರ್ಷದಿಂದ ನಾನು ಒಸಾಕಾದಲ್ಲಿದ್ದೇನೆ. ಕೆಲಸ ಕಂಪ್ಯೂಟರಿನದು. ರಜಾ ದಿನ ಬಂದರೆ ರೈಲು ಹತ್ತಿ ಅರ್ಧ ಗಂಟೆಯಲ್ಲಿ ಕ್ಯೋಟೊಗೆ ಹೋಗಿ ಹಳೆ ಸಾಮಾನು ನೋಡುವುದು ಚಟ. ಹೆಚ್ಚು ಸಲ ನೋಡುವುದಷ್ಟೇ. ಈ ಪೆಟ್ಟಿಗೆಯನ್ನು ಮಾತ್ರ ಬಿಟ್ಟು ಬರಲು ಆಗಲಿಲ್ಲ.

ಮುಚ್ಚಳದ ಮೇಲೆ ಎರಡು ಹಕ್ಕಿ, ಮೂರು ಪಿಯೋನಿ ಹೂವು. ಎದುರಿಗೆ ನಿಂತು ನೋಡಿದರೆ ಹಸಿರು. ಒಂದು ಚೂರು ಓರೆ ಮಾಡಿದರೆ ಹಕ್ಕಿಯ ಬೆನ್ನು ನೀಲಿಗೆ ತಿರುಗಿ, ಇನ್ನೂ ಓರೆ ಮಾಡಿದರೆ ಗುಲಾಬಿ. ಅಂಗಡಿಯಿಂದಲೇ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ.

“ಫೋನ್ ಅಲ್ಲಾಡಿಸಬೇಡ ಕಣಮ್ಮ. ಪೆಟ್ಟಿಗೆ ಓರೆ ಮಾಡು. ಹಾಂ, ನಿಲ್ಲು ನಿಲ್ಲು.”

“ಏನಪ್ಪ?”

“ಗುಂಡಿ ತೋಡಿದ್ದು ಎಲ್ಲೂ ಕಾಣ್ತಿಲ್ವಲ್ಲ. ಉಗುರು ಎಳಿ ನೋಡೋಣ.”

ಅಂಗಡಿಯವರನ್ನು ಕೇಳಿ ಹಕ್ಕಿಯ ರೆಕ್ಕೆಯ ಮೇಲೆ ಮೆಲ್ಲಗೆ ಉಗುರು ಎಳೆದೆ. ಎಲ್ಲೂ ತಡೆಯಲಿಲ್ಲ. ಅಪ್ಪನ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ನೆಟ್ ಹೋಯಿತೇನೋ ಅಂದುಕೊಂಡೆ.

ಅಪ್ಪನ ಕೆಲಸಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಇದು. ಮೈಸೂರಿನಲ್ಲಿ ಮರದಲ್ಲಿ ಗುಂಡಿ ತೋಡಿ ತುಂಡನ್ನು ಅದರೊಳಗೆ ಕೂರಿಸುತ್ತಾರೆ. ಜಪಾನಿನಲ್ಲೂ ದಪ್ಪ ಚಿಪ್ಪು, ಅಂದರೆ ಒಂದು ಮಿಲಿಮೀಟರಿನ ಆಸುಪಾಸಿನದಾದರೆ, ಹಾಗೆಯೇ ತೋಡಿ ಕೂರಿಸುವುದುಂಟು. ಆದರೆ ತೆಳು ಚಿಪ್ಪಿನ ದಾರಿ ಬೇರೆ. 0.1 ಮಿಲಿಮೀಟರಿನಷ್ಟು ತೆಳುವಾದ ಚಿಪ್ಪನ್ನು ಮೇಲೇ ಅಂಟಿಸಿ, ಸುತ್ತಲಿನ ನೆಲವನ್ನೇ ಎತ್ತರ ಮಾಡುತ್ತಾರೆ. ಚಿತ್ತಾರ ಪೂರ್ತಿ ಮುಚ್ಚಿಹೋಗುವಂತೆ ಅದರ ಮೇಲೆ ಕಪ್ಪು ಮೆರುಗು ಬಳಿಯುತ್ತಾರೆ. ಒಣಗಿದ ಮೇಲೆ ಮತ್ತೊಂದು ಕೈ, ಮತ್ತೊಂದು ಕೈ. ಆಮೇಲೆ ಇದ್ದಿಲಿನ ತುಂಡಿನಿಂದ ನೀರು ಹಾಕಿ ಉಜ್ಜುತ್ತಾ ಹೋಗುತ್ತಾರೆ. ಮುಳುಗಿದ್ದ ಹಕ್ಕಿ ನಿಧಾನವಾಗಿ ಮೇಲೆ ಬರುತ್ತದೆ. ಒಂದು ಕೈ ಜಾಸ್ತಿ ಉಜ್ಜಿದರೆ ಚಿಪ್ಪೇ ಸವೆದು ಹಕ್ಕಿ ಹಾರಿಹೋಯಿತು. ಕೊನೆಯ ಹೊಳಪಿಗೆ ಜಿಂಕೆ ಕೊಂಬಿನ ನುಣ್ಣನೆ ಪುಡಿಯನ್ನು ಬೆರಳಲ್ಲಿ ತಿಕ್ಕುತ್ತಿದ್ದರಂತೆ.

ಚಿಪ್ಪು ಅವಾಬಿಯದು. ಸಮುದ್ರದ ಬಂಡೆಗೆ ಅಂಟಿಕೊಂಡಿರುವ ದೊಡ್ಡ ಬಸವನಹುಳು ಅನ್ನಿ. ಅದನ್ನು ಉಜ್ಜಿ, ಪದರ ಬಿಡಿಸಿ ತೆಳು ಮಾಡಿ, ಸೂಜಿಯಿಂದಲೋ ಸಣ್ಣ ಚಾಕುವಿನಿಂದಲೋ ಕತ್ತರಿಸುತ್ತಾರೆ. ಇನ್ನೊಂದು ಉಪಾಯವೂ ಇದೆ: ಬೇಕಾದ ಆಕಾರದ ಮೇಲೆ ಮೆರುಗು ಬಳಿದು ಉಳಿದ ಭಾಗವನ್ನು ಹುಳಿಯಲ್ಲಿ ಕರಗಿಸಿಬಿಡುವುದು. ಚಿಪ್ಪು ಅಂದರೆ ಸುಣ್ಣ ತಾನೇ, ಆಮ್ಲ ತಾಕಿದರೆ ಕರಗುತ್ತದೆ. ಇದನ್ನು ಕೇಳಿ ಅಪ್ಪ, “ನಾವು ಗರಗಸ ಹಿಡಿದು ಕಣ್ಣು ಕಳಕೊಂಡ್ವಿ, ಅವರು ಹುಣಸೆ ಹುಳಿ ಹಾಕಿ ಮುಗಿಸಿದ್ರು” ಅಂದರು. ಹುಣಸೆ ಹುಳಿ ಅಲ್ಲ ಅಂತ ನಾನು ತಿದ್ದಲು ಹೋಗಲಿಲ್ಲ.

ನಾಗಾಸಾಕಿಯವರ ಒಂದು ಜಾಣತನ ನನಗೆ ಬಹಳ ಹಿಡಿಸಿತು. ಚಿಪ್ಪು ಅಷ್ಟು ತೆಳುವಾದ್ದರಿಂದ ಹಿಂದಿನ ಬಣ್ಣ ಮುಂದಕ್ಕೆ ಕಾಣುತ್ತದೆ. ಅದಕ್ಕೆ ಅಂಟಿಸುವ ಮೊದಲು ಚಿಪ್ಪಿನ ಹಿಂಬದಿಗೆ ಕೆಂಪೋ ಹಳದಿಯೋ ಬಳಿಯುತ್ತಿದ್ದರು, ಇಲ್ಲವೇ ಚಿನ್ನ ಬೆಳ್ಳಿಯ ಹಾಳೆ ಇಡುತ್ತಿದ್ದರು. ನನ್ನ ಪೆಟ್ಟಿಗೆಯ ಹೂವು ಕೆಂಪಗಿರುವುದು ಹೀಗೆ. ಬಣ್ಣ ಮೇಲಿಲ್ಲ, ಒಳಗಿಂದ ಬರುತ್ತದೆ. ರವಿಕೆಯ ಒಳಬಟ್ಟೆಯ ಬಣ್ಣ ತೆಳು ರೇಷ್ಮೆಯಲ್ಲಿ ಇಣುಕುವ ಹಾಗೆ.

ಈಗ ಆ ಕಪ್ಪಿನ ವಿಷಯ. ಇದು ಅರಗಲ್ಲ. ಚನ್ನಪಟ್ಟಣದ ಬೊಂಬೆಯ ಮೇಲಿನ ಹೊಳಪು ಅರಗಿನದು, ಹುಳ ಕೊಡುವಂಥದ್ದು. ಜಪಾನಿನದು ಉರುಶಿ, ಮರದ ಸೊನೆ. ಹತ್ತು ಹದಿನೈದು ವರ್ಷ ಬೆಳೆಸಿದ ಮರಕ್ಕೆ ಒಂದು ಬೇಸಿಗೆಯೆಲ್ಲ ಗೀರು ಹಾಕಿ ಸೊನೆ ತೆಗೆದರೆ ಸಿಗುವುದು ಸುಮಾರು 200 ಗ್ರಾಂ. ಆಮೇಲೆ ಮರ ಕಡಿಯುತ್ತಾರೆ. ಹಸಿ ಸೊನೆ ಮೈಗೆ ತಾಕಿದರೆ ಗುಳ್ಳೆ ಏಳುತ್ತದೆ. ನಮ್ಮ ಮಾವು, ಗೇರು, ಈ ಉರುಶಿ ಎಲ್ಲ ಒಂದೇ ಬಳಗ. ಹೊನ್ನಾವರ ಕಡೆಯ ಅಮ್ಮನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಚಿಕ್ಕಂದಿನಲ್ಲಿ ಗೇರುಬೀಜ ಸುಡಲು ಹೋಗಿ ಎಣ್ಣೆ ಸಿಡಿದ ಗುರುತು ಇನ್ನೂ ಅವರ ಮಣಿಕಟ್ಟಿನಲ್ಲಿದೆ.

ಇನ್ನೊಂದು ವಿಚಿತ್ರ: ಉರುಶಿ ಬಿಸಿಲಿಗೆ ಒಣಗುವುದಿಲ್ಲ. ಅದಕ್ಕೆ ತೇವ ಬೇಕು. ನೂರಕ್ಕೆ 70–80ರಷ್ಟು ತೇವಾಂಶ ಇರುವ ಮರದ ಕಪಾಟಿನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಆಷಾಢದಲ್ಲಿ ನಮ್ಮ ಬಟ್ಟೆ ಒಣಗದೆ ನಾರುತ್ತದಲ್ಲ, ಅಂಥ ಹವೆಯಲ್ಲೇ ಇದು ಚೆನ್ನಾಗಿ ಒಣಗುವುದು. ಈ ಕಪಾಟಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅಂಗಡಿಯ ಯಜಮಾನರು ಎಂಬತ್ತು ದಾಟಿದ ಅಜ್ಜ. ಅವರ ಬಗ್ಗೆ ನನಗೆ ಬೇಜಾರಿಲ್ಲ. ನನ್ನ ಅರೆಬರೆ ಜಪಾನಿ ಭಾಷೆಯನ್ನು ತಾಳ್ಮೆಯಿಂದ ಕೇಳಿಸಿಕೊಂಡು, ಹುರಿದಕ್ಕಿಯ ಚಹಾ ಕೊಟ್ಟು, ಪೆಟ್ಟಿಗೆಯನ್ನು ಮೆತ್ತನೆ ಬಟ್ಟೆಯ ಮೇಲಿಟ್ಟು ತೋರಿಸಿದರು. ಹಿತ್ತಾಳೆಯ ಪುಟ್ಟ ಬೀಗ ಇದೆ, ಕೀ ಕಳೆದಿದೆ. ಒಳಗೆ ನೇರಳೆ ವೆಲ್ವೆಟ್, ಮೂಲೆಗಳಲ್ಲಿ ಸವೆದಿದೆ. ಕೆಲಸಗಾರನ ಸಹಿ ಇಲ್ಲ. ಹೊರದೇಶಕ್ಕೆ ಅಂತ ಮಾಡಿದ್ದಕ್ಕೆ ಹೆಚ್ಚಾಗಿ ಸಹಿ ಇರುವುದಿಲ್ಲ, ಜಪಾನೀಯರು ಬೆಲೆಬಾಳುವ ವಸ್ತು ಇಡುವ ಬಿಳಿ ಮರದ ಹೊರಪೆಟ್ಟಿಗೆಯೂ ಇರುವುದಿಲ್ಲ.

“ಇದು ಸಾತೊಗಾಎರಿ” ಅಂದರು ಅಜ್ಜ. ನಾಗಾಸಾಕಿಯಿಂದ ಹಡಗು ಹತ್ತಿ ಯುರೋಪಿಗೆ ಹೋಗಿ, ಅಲ್ಲಿ ಯಾರದೋ ಮನೆಯಲ್ಲಿದ್ದು, ಹರಾಜಿನಲ್ಲಿ ಮತ್ತೆ ಜಪಾನಿಗೆ ಬಂದದ್ದು. ಅಂಥ ವಸ್ತುಗಳಿಗೆ ವ್ಯಾಪಾರದವರು ಆ ಮಾತು ಬಳಸುತ್ತಾರೆ. ಆದರೆ ಮಾತಿನ ಮೂಲ ಅರ್ಥ ಬೇರೆ. ಮದುವೆಯಾದ ಹೆಣ್ಣುಮಗಳು ತವರಿಗೆ ಬರುವುದು! ಇದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟು ಹಾಡಿದೆ ಅಂತ ಅಜ್ಜನಿಗೆ ಹೇಳಬೇಕು ಅನ್ನಿಸಿತು. ಭಾಷೆ ಸಾಲಲಿಲ್ಲ. 46,000ಕ್ಕೆ ಒಪ್ಪಿಕೊಂಡದ್ದರಲ್ಲಿ ಅರ್ಧ ಪಾಲು ಆ ಒಂದು ಮಾತಿನದು.

ನಾಗಾಸಾಕಿಗೆ ಈ ಕಸುಬು ಯಾಕೆ ಕುದುರಿತು ಅಂದರೆ ಬಂದರಿನಿಂದ. 1639ರಲ್ಲಿ ಪೋರ್ಚುಗೀಸರನ್ನು ಹೊರಗೆ ಹಾಕಿದ ಮೇಲೆ ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ ಜಾಗ, ಅದೂ ನಾಗಾಸಾಕಿಯ ದೆಜಿಮಾ ಅನ್ನುವ ಅಂಗೈಯಗಲದ ದ್ವೀಪದಲ್ಲಿ. 1859ರಲ್ಲಿ ಬಂದರು ಉಳಿದ ದೇಶದವರಿಗೂ ತೆರೆಯಿತು, ಕೊಳ್ಳುವವರು ಹೆಚ್ಚಿದರು. ಪೋರ್ಚುಗೀಸರ ಕಾಲದಲ್ಲೂ ಚಿಪ್ಪಿನ ಪೆಟ್ಟಿಗೆಗಳು ಹೋಗುತ್ತಿದ್ದವು. ಗುಮ್ಮಟದ ಹಾಗೆ ಉಬ್ಬಿದ ಮುಚ್ಚಳದ ದೊಡ್ಡ ಪೆಟಾರಿಗಳು, ನಾನ್‌ಬಾನ್ ಅಂತ ಅವಕ್ಕೆ ಹೆಸರು. ಆ ಹಡಗುಗಳು ಮಕಾವ್ ದಾಟಿ ಗೋವಾದಲ್ಲಿ ತಂಗಿ ಲಿಸ್ಬನ್‌ಗೆ ಹೋಗುತ್ತಿದ್ದವು. ಕಾರವಾರದ ಮಗ್ಗುಲಲ್ಲೇ ಹಾದು ಹೋಗಿವೆ, ನಮಗೆ ಗೊತ್ತಿಲ್ಲ ಅಷ್ಟೆ.

ಸರಿ, ತಕರಾರಿಗೆ ಬರುತ್ತೇನೆ.

ಹಣ ಕೊಡುವ ಮೊದಲು ನಾನು ಬಿಡಿಸಿ ಕೇಳಿದ್ದೆ, “ನಾಓಶಿ ಇದೆಯಾ?” ಅಂತ. ನಾಓಶಿ ಅಂದರೆ ರಿಪೇರಿ. ಅಜ್ಜ ಒಳಗೆ ಹೋಗಿದ್ದರು. ಗಲ್ಲಾದಲ್ಲಿದ್ದ ಯುವಕ ಪೆಟ್ಟಿಗೆಯನ್ನು ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ “ಇಲ್ಲ” ಅಂದ. ಎರಡು ಕಡೆ ಚಿಪ್ಪು ಉದುರಿದ್ದು ನನಗೇ ಕಾಣುತ್ತಿತ್ತು, ಅದಕ್ಕೇ ಆರು ಸಾವಿರ ಇಳಿದದ್ದು. ಅದು ಸರಿ. ವಯಸ್ಸಾದ ಮೇಲೆ ಹಲ್ಲು ಬೀಳದೆ ಇರುತ್ತಾ?

ಮನೆಗೆ ಬಂದು ಬೆಳಗಿನ ಬೆಳಕಿನಲ್ಲಿ ನೋಡಿದಾಗ ಹಿಂಭಾಗದ ಎಡ ಮೂಲೆ ಕಣ್ಣಿಗೆ ಬಿತ್ತು. ಹಳೆಯ ಕಪ್ಪು ಉರುಶಿ ಕಾಲ ಕಳೆದಂತೆ ಕಂದಿಗೆ ತಿರುಗುತ್ತದೆ. ಇಡೀ ಪೆಟ್ಟಿಗೆ ಗಟ್ಟಿ ಡಿಕಾಕ್ಷನ್ ಬಣ್ಣದಲ್ಲಿದೆ, ಈ ಮೂಲೆ ಮಾತ್ರ ಇದ್ದಿಲ ಕಪ್ಪು. ಹತ್ತಿರದಿಂದ ನೋಡಿದರೆ ಬ್ರಷ್ಷಿನ ಬಣ್ಣ ಪಕ್ಕದ ಎಲೆಯ ಚಿಪ್ಪಿನ ಅಂಚಿಗೂ ಹತ್ತಿದೆ. ಮೂಲದ ಕೆಲಸಗಾರ ಉಜ್ಜಿ ಉಜ್ಜಿ ಚಿಪ್ಪನ್ನು ಮೇಲೆ ತಂದಿದ್ದರೆ, ಇವನು ಚಿಪ್ಪಿನ ಮೇಲೇ ಬಳಿದು ಕೈ ತೊಳೆದುಕೊಂಡಿದ್ದಾನೆ.

ಒಡೆದ ಪಿಂಗಾಣಿ ಜೋಡಿಸುವುದನ್ನು ಕಲಿಸುವ ಒಬ್ಬ ಉರುಶಿ ಕೆಲಸಗಾರ್ತಿಯ ಪರಿಚಯ ನನಗಿತ್ತು. ಅವರ ಹತ್ತಿರ ಒಯ್ದೆ. ಭೂತಗನ್ನಡಿ ಹಿಡಿದು ನೋಡಿ, “ಇದು ಉರುಶಿ ಅಲ್ಲ. ಕಾಶ್ಯೂ ಅನ್ನಿಸುತ್ತದೆ” ಅಂದರು.

ಕಾಶ್ಯೂ! ಅದು ಗೇರುಬೀಜವೇ. ಬೀಜದ ಹೊರಸಿಪ್ಪೆಯಿಂದ ತೆಗೆದ ಎಣ್ಣೆಯಿಂದ ಮಾಡುವ ಬಣ್ಣ. ನೋಡಲು ಉರುಶಿಯ ಹಾಗೆಯೇ ಹೊಳೆಯುತ್ತದೆ. ಅಗ್ಗ, ಮೈ ಕೆರೆತವೂ ಇಲ್ಲ. ಆ ತೇವದ ಕಪಾಟಿನ ತಾಪತ್ರಯವಿಲ್ಲ, ಹೊರಗಿಟ್ಟರೂ ಒಣಗುತ್ತದೆ. ಜಪಾನಿನಲ್ಲಿ ಪೀಠೋಪಕರಣಕ್ಕೆ, ಗಾಳದ ಕೋಲಿಗೆ ಇದನ್ನು ಧಾರಾಳವಾಗಿ ಬಳಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಹಳೆಯ ರಾದೆನ್ ಮೇಲೆ ಬಳಿದು “ರಿಪೇರಿ ಇಲ್ಲ” ಅಂದರೆ? ಬೀಟೆ ಮರದ ಮೇಜಿಗೆ ಪ್ಲೈವುಡ್ ತೇಪೆ ಹಾಕಿ ಪಾಲಿಶ್ ಹೊಡೆದ ಹಾಗೆ.

ಮುಂದಿನ ಶನಿವಾರ ಅಂಗಡಿಗೆ ಹೋದೆ. ಅದೇ ಯುವಕ. “ನಮಗೆ ಬಂದಾಗಲೇ ಹಾಗಿತ್ತು” ಅಂದ. ಹಾಗಿದ್ದರೆ ಗೊತ್ತಿತ್ತು ಅಂತಾಯಿತಲ್ಲ! ಇದನ್ನು ಜಪಾನಿ ಭಾಷೆಯಲ್ಲಿ ಮರ್ಯಾದೆಯಿಂದ ಹೇಳುವುದು ಹೇಗೆ ಅಂತ ಯೋಚಿಸುತ್ತಿರುವಾಗಲೇ ಅಜ್ಜ ಬಂದರು. ಮೂಲೆ ನೋಡಿದರು. ಯುವಕನನ್ನು ಒಮ್ಮೆ ನೋಡಿದರು. ಪೆಟ್ಟಿಗೆ ವಾಪಸ್ ತೆಗೆದುಕೊಳ್ಳಲೂ ತಯಾರು, ಇಟ್ಟುಕೊಳ್ಳುವುದಾದರೆ 5,000 ಯೆನ್ ಕೊಡುತ್ತೇವೆ ಅಂದರು. ನಾನು ಇಟ್ಟುಕೊಂಡೆ. ಎರಡು ಸ್ಟಾರ್‌ನಲ್ಲಿ ಎರಡೂ ಅಜ್ಜನವು. ಅವರು ಗಲ್ಲಾದಲ್ಲೇ ಕೂತಿರುತ್ತಿದ್ದರೆ ನಾಲ್ಕು ಕೊಡುತ್ತಿದ್ದೆ.

ಆ ಮೂಲೆಯನ್ನು ಕೆರೆದು ನಿಜವಾದ ಉರುಶಿಯಲ್ಲಿ ಸರಿ ಮಾಡಿಕೊಡಲು ಕೆಲಸಗಾರ್ತಿ ಕೇಳಿದ್ದು 30,000 ಯೆನ್, ಐದು ತಿಂಗಳು. ನ್ಯಾಯವಾದ ಬೆಲೆಯೇ. ಒಂದೊಂದು ಕೈ ಬಳಿದ ಮೇಲೂ ಒಣಗಲು ಕಾಯಬೇಕು. ಅಪ್ಪನನ್ನು ಕೇಳಿದೆ. “ಗೇರು ಅಲ್ವಾ? ಉರುಶಿಗೆ ದಾಯಾದಿ ಆಯ್ತು. ಕೆರೆಯೋಕೆ ಹೋಗಿ ಪಕ್ಕದ ಎಲೆ ಎದ್ದು ಬಂದ್ರೆ ಏನ್ ಮಾಡ್ತೀಯ? ಸುಮ್ನೆ ಇರು” ಅಂದರು. ಸುಮ್ಮನಿದ್ದೇನೆ.

ನೀವೂ ಕೊಳ್ಳುವ ಯೋಚನೆಯಲ್ಲಿದ್ದರೆ, ಮೊದಲು ಕ್ಯೋಟೊದ ತೋಜಿ ದೇವಾಲಯದ ಸಂತೆಗೆ ಹೋಗಿ. ಪ್ರತಿ ತಿಂಗಳು 21ಕ್ಕೆ ನಡೆಯುತ್ತದೆ. 25ಕ್ಕೆ ಕಿತಾನೊ ತೆನ್‌ಮಾನ್‌ಗು ಗುಡಿಯಲ್ಲಿ ಇನ್ನೊಂದು. ಅಲ್ಲಿ ಕೊಳ್ಳಿ ಅಂತಲ್ಲ, ಕಣ್ಣು ಪಳಗಿಸಿಕೊಳ್ಳಲು. ಜಪಾನಿನದು ಅಂತ ಮಾರುವ ಎಷ್ಟೋ ಪೆಟ್ಟಿಗೆಗಳು ಕೊರಿಯಾದವು, ಅದೂ ನಲವತ್ತೈವತ್ತು ವರ್ಷದವು. ಕೊರಿಯಾದ ಚಿಪ್ಪಿನ ಕೆಲಸ ಕಡಿಮೆ ದರ್ಜೆಯದು ಅಂತ ತಿಳಿಯಬೇಡಿ, ಅವರದು ಶತಮಾನಗಳ ಪರಂಪರೆ. ಆದರೆ ಕೊರಿಯಾದ್ದಕ್ಕೆ ಕೊರಿಯಾದ ಹೆಸರಿನಲ್ಲೇ ಬೆಲೆ ಕೊಡಬೇಕು. ಪೈನ್ ಮರ, ಕೊಕ್ಕರೆ, ಜೊತೆಗೆ ಚಿಪ್ಪಿನ ಸಣ್ಣ ಪಟ್ಟಿಗಳನ್ನು ತುಂಡು ತುಂಡಾಗಿ ಜೋಡಿಸಿ ಮಾಡಿದ ಗೆರೆ ಕಂಡರೆ ಇನ್ನೊಮ್ಮೆ ಕೇಳಿ. ಹೊಳೆಯುವ ಹಾಳೆ ಅಂಟಿಸಿದ ಇತ್ತೀಚಿನ ಅಗ್ಗದ ಮಾಲೂ ಇದೆ. ಓರೆ ಮಾಡಿದಾಗ ಬಣ್ಣವೆಲ್ಲ ಒಟ್ಟಿಗೆ ಬದಲಾದರೆ ಹಾಳೆ. ನಿಜವಾದ ಚಿಪ್ಪಿನಲ್ಲಿ ಪಕ್ಕಪಕ್ಕದ ಎರಡು ಎಲೆಯೂ ಒಂದೇ ಬಣ್ಣ ತೋರಿಸುವುದಿಲ್ಲ.

ದಂತ ಕೂರಿಸಿದ್ದನ್ನು ಮಾತ್ರ ಮುಟ್ಟಬೇಡಿ. ಶಿಬಾಯಾಮಾ ಅಂತ ಒಂದು ಶೈಲಿ ಇದೆ. ಚಿಪ್ಪು, ಹವಳ, ದಂತ ಎಲ್ಲ ಸೇರಿಸಿ ಹೂವು ಹಕ್ಕಿ ಉಬ್ಬಿ ನಿಲ್ಲುವಂತೆ ಮಾಡಿರುತ್ತಾರೆ. ನೋಡಲು ಸೊಗಸು. ಆದರೆ ದಂತವನ್ನು ಊರಿಗೆ ತರಲು ಹೋದರೆ ಕಾನೂನಿನ ಪೇಚು. ಅಪ್ಪನ ಕಸುಬಿನಲ್ಲೂ ದಂತ ನಿಂತು ಆ ಜಾಗಕ್ಕೆ ಪ್ಲಾಸ್ಟಿಕ್ ಬಂದು ಎಷ್ಟೋ ಕಾಲವಾಯಿತು. ಮೊದಲ ಸಲ ಪ್ಲಾಸ್ಟಿಕ್ ಕೂರಿಸಿದ ದಿನ ಅಪ್ಪ ಊಟ ಬಿಟ್ಟಿದ್ದರಂತೆ. ಆನೆ ಉಳಿಯಿತಲ್ಲ ಅಂತ ಆಮೇಲೆ ಸಮಾಧಾನ ಮಾಡಿಕೊಂಡರಂತೆ.

ದುಡ್ಡು ಖರ್ಚು ಮಾಡದೆ ಒಳ್ಳೆಯದು ನೋಡಬೇಕೆಂದರೆ ಶರತ್ಕಾಲದಲ್ಲಿ ನಾರಾಗೆ ಬನ್ನಿ. ಶೊಸೊಇನ್ ಅನ್ನುವ 8ನೇ ಶತಮಾನದ ಖಜಾನೆಯಿಂದ ವರ್ಷಕ್ಕೊಮ್ಮೆ, ಅಕ್ಟೋಬರ್ ಕೊನೆಯಿಂದ ಎರಡು ವಾರದಷ್ಟು ಹೊತ್ತು, ಕೆಲವೇ ವಸ್ತುಗಳನ್ನು ನಾರಾ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಇಡುತ್ತಾರೆ. ನಾನು ನೋಡಿದ ವರ್ಷ ಚಿಪ್ಪು ಕೂರಿಸಿದ ಕಂಚಿನ ಕನ್ನಡಿ ಇತ್ತು. ಹೂವಿನ ನಡುವೆ ಕೆಂಪಗೆ ಅಂಬರ್, ಅಂದರೆ ಕಲ್ಲಿನಂತೆ ಗಟ್ಟಿಯಾದ ಮರದ ಅಂಟು. ಅಲ್ಲಿನ ಅತಿ ಹೆಸರಾದ ವಸ್ತು ಐದು ತಂತಿಯ ಬಿವಾ. ವೀಣೆಯ ದೂರದ ನೆಂಟ ಅನ್ನಿ. ಒಂಟೆಯ ಮೇಲೆ ಕೂತು ತಂತಿ ವಾದ್ಯ ನುಡಿಸುವವನ ಚಿತ್ರವನ್ನು ಚಿಪ್ಪಿನಲ್ಲಿ ಮಾಡಿದ್ದಾರೆ. ನಾಲ್ಕು ತಂತಿಯದು ಪರ್ಷಿಯಾದಿಂದ, ಐದು ತಂತಿಯದು ಭಾರತದಿಂದ ಬಂದದ್ದು ಅಂತ ತಿಳಿದವರು ಹೇಳುತ್ತಾರೆ. ಆ ಕಾಲದ ಐದು ತಂತಿಯ ಬಿವಾ ಉಳಿದಿರುವುದು ಇದೊಂದೇ. ಅದು ಪ್ರದರ್ಶನಕ್ಕೆ ಬರುವುದು ಅಪರೂಪ, ನನಗೆ ಸಿಕ್ಕಿದ್ದು ಫೋಟೊ ಮಾತ್ರ. ಫೋಟೊ ಕಳಿಸಿದರೆ ಅಪ್ಪ ಚಿಪ್ಪನ್ನು ಬಿಟ್ಟು ಮರದ ಬಗ್ಗೆಯೇ ಕೇಳಿದರು. ಮರ ಶಿತಾನ್, ನಮ್ಮ ಬೀಟೆ, ರಕ್ತಚಂದನದ ಕಡೆಯದು. “ಹಂಗಾದ್ರೆ ಮರ ನಮ್ಮದು” ಅಂದರು, ವಿಷಯ ಅಲ್ಲಿಗೆ ಮುಗಿಯಿತು ಅನ್ನುವ ದನಿಯಲ್ಲಿ.

ಟೋಕಿಯೊಗೆ ಹೋದರೆ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಒಗಾತಾ ಕೊರಿನ್ ಅನ್ನುವ ಹಳೆಯ ಕಾಲದ ಕಲಾವಿದ ಮಾಡಿದ ಬರವಣಿಗೆಯ ಪೆಟ್ಟಿಗೆ ಹೊರಗಿಟ್ಟಿದ್ದಾರಾ ಅಂತ ವಿಚಾರಿಸಿ. ಐರಿಸ್ ಹೂವುಗಳು ಚಿಪ್ಪಿನವು, ಹೂವಿನ ನಡುವೆ ಹಾದುಹೋಗುವ ಸೇತುವೆ ಸೀಸದ್ದು. ಅಷ್ಟು ಮಂಕಾದ ಲೋಹವನ್ನು ಅಷ್ಟು ಹೊಳೆಯುವ ಚಿಪ್ಪಿನ ಪಕ್ಕ ಇಡುವ ಧೈರ್ಯ ಯಾರಿಗೆ ಬರುತ್ತದೆ?

ಸಂಕ್ರಾಂತಿಗೆ ಊರಿಗೆ ಹೋದಾಗ ಪೆಟ್ಟಿಗೆ ಒಯ್ದೆ. ಹಳೆ ಕಾಟನ್ ಸೀರೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಂಡೆ. ತವರಿಗೆ ಬಂದಿದ್ದ ಪೆಟ್ಟಿಗೆಯನ್ನು ನನ್ನ ತವರಿಗೆ ಎಬ್ಬಿಸಿಕೊಂಡು ಹೋದಂತಾಯಿತು. ಅಪ್ಪ ಕನ್ನಡಕ ಒರೆಸಿ, ಕೈ ತೊಳೆದು, ಒರೆಸಿಕೊಂಡು, ಆಮೇಲೆ ಮುಟ್ಟಿದರು. ಮೊದಲು ನೋಡಿದ್ದು ಹಕ್ಕಿಯನ್ನಲ್ಲ, ಆ ಎಡ ಮೂಲೆಯನ್ನು. “ಕೈ ಒಳ್ಳೇದೇ. ಆತುರ ಮಾಡಿದ್ದಾನೆ” ಅಂದರು. ಆಮೇಲೆ ಒಂದು ಗಂಟೆ ಕಿಟಕಿಯ ಪಕ್ಕ ಕೂತು ಓರೆ ಮಾಡುವುದು, ನೆಟ್ಟಗೆ ಮಾಡುವುದು. ಬಿಸಿಲು ಬಿದ್ದರೆ ಮೆರುಗು ಮಂಕಾಗುತ್ತದೆ ಅಂತ ನಾನು ಹೇಳಿದ ಮೇಲೆ ಒಳಕೋಣೆಗೆ ಒಯ್ದರು. ಒಣ ಹವೆಯೂ ಆಗದು, ಬಿರುಕು ಬಿಡುತ್ತದೆ. ಅದಕ್ಕೆ ಬೀರುವಿನಲ್ಲಿ ಪೆಟ್ಟಿಗೆಯಿಂದ ದೂರಕ್ಕೆ ಒಂದು ಲೋಟ ನೀರು ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಆ ನೀರು ಬದಲಾಯಿಸುವುದು ಈಗ ಅಪ್ಪನ ಕೆಲಸ.

ಅದರಲ್ಲಿ ಏನಿಡಬೇಕು ಅನ್ನುವುದು ಮಾತ್ರ ಹಬ್ಬದ ತನಕ ತೀರ್ಮಾನವಾಗಲಿಲ್ಲ. ಅಪ್ಪ ಏನೂ ಇಡಬಾರದು ಅಂದರು. ನಾನು ಅವರ ಹಳೆಯ ನಕ್ಷೆಗಳನ್ನು ಸುರುಳಿ ಮಾಡಿ ಇಡಿ ಅಂದೆ. ಹೋದ ವಾರ ವಿಡಿಯೊ ಕಾಲ್‌ನಲ್ಲಿ ಅಪ್ಪ ಇನ್ನೂ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಅಮ್ಮ ಸದ್ದಾಗದಂತೆ ಬೀರು ತೆಗೆದು, ಪೆಟ್ಟಿಗೆಯ ಮುಚ್ಚಳ ಎತ್ತಿ ತೋರಿಸಿದರು. ವೆಲ್ವೆಟ್ ಮೇಲೆ ಒಂದು ಬಿಳಿ ಬಟ್ಟೆ, ಬಟ್ಟೆಯ ಮೇಲೆ ಎರಡು ಕಟ್ಟು ಊದುಬತ್ತಿ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತ್ತು.